ಗಾಡಿ ಹೀಟಾಗುತ್ತಿದೆ, ಸರಿ, ಯಾವಾಗ?

ಹಳೆಯ ಕಾರಿಟ್ಟುಕೊಂಡವರು ಗ್ಯಾರೇಜಿನಲ್ಲಿ ಹೇಳುವ ದೂರುಗಳಲ್ಲಿ ತೀರಾ ಚಿಕ್ಕದು, ಆದರೆ ತೀರಾ ದುಬಾರಿಯಾಗಿ ಮುಗಿಯುವುದು ಇದು: ‘ಗಾಡಿ ಹೀಟಾಗ್ತಿದೆ.’ ಇಷ್ಟನ್ನೇ ಹೇಳಿ ಕೀ ಕೊಟ್ಟು ಬಂದರೆ ಸಂಜೆಯ ಬಿಲ್ಲಿನಲ್ಲಿ ಒಂದು ಹೊಸ ಥರ್ಮೋಸ್ಟಾಟ್ ಇರುತ್ತದೆ. ವಾರ ಬಿಟ್ಟು ಮುಳ್ಳು ಮತ್ತೆ ಮೇಲೇರಿದರೆ ವಾಟರ್ ಪಂಪು. ಅದಕ್ಕೂ ಬಗ್ಗದಿದ್ದರೆ ರೇಡಿಯೇಟರು. ಅಷ್ಟರಲ್ಲಿ ಇಂಜಿನ್ನು ಮೂರ್ನಾಲ್ಕು ಸಲ ಕುದ್ದು, ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್’ ಎಂಬ ತೀರ್ಪು ಬಂದಿರುತ್ತದೆ. ಮೊದಲ ದಿನ ಕೆಟ್ಟಿದ್ದದ್ದು ಬಹುಶಃ ಒಂದು ಫ್ಯಾನ್ ಸ್ವಿಚ್ಚು, ಇಲ್ಲವೇ ರೇಡಿಯೇಟರ್ ಕ್ಯಾಪಿನ ರಬ್ಬರು.

ಇದಕ್ಕೆ ಮೆಕ್ಯಾನಿಕ್ಕನ್ನು ಮಾತ್ರ ದೂರುವಂತಿಲ್ಲ. ಅವನ ಮುಂದೆ ಬಂದು ನಿಲ್ಲುವುದು ಆಗಲೇ ತಣ್ಣಗಾದ ಗಾಡಿ. ಅದು ಎಲ್ಲಿ, ಎಷ್ಟು ವೇಗದಲ್ಲಿ, ಹೊರಟ ಎಷ್ಟು ಹೊತ್ತಿಗೆ ಬಿಸಿಯಾಯಿತು ಎಂಬುದನ್ನು ಕಂಡವರು ಓಡಿಸಿದವರು. ಅದನ್ನು ಹೇಳದೆ ಹೋದರೆ ಒಂದೊಂದೇ ಬಿಡಿಭಾಗ ಬದಲಿಸಿ ನೋಡುವುದಲ್ಲದೆ ಅವನಿಗೆ ಬೇರೆ ದಾರಿಯಿಲ್ಲ. ಕೂಲಿಂಗ್ ವ್ಯವಸ್ಥೆಯ ಹೆಚ್ಚಿನ ದೋಷಗಳು ತಮ್ಮದೇ ಆದ ಸಂದರ್ಭದಲ್ಲಿ ಮಾತ್ರ ತಲೆ ಎತ್ತುತ್ತವೆ. ‘ಯಾವಾಗ’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಸ್ಪ್ಯಾನರ್ ಮುಟ್ಟುವ ಮೊದಲೇ ಅರ್ಧ ಕೆಲಸ ಆದಂತೆ.

ವಿವರಣೆಗೆ ಮಾರುತಿ 800 ಅನ್ನೇ ಇಟ್ಟುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಈ ಕಾರು, ಹದಿನೈದು ವರ್ಷ ದಾಟಿದ ಮೇಲೂ ಎಫ್‌ಸಿ ಮಾಡಿಸಿಕೊಂಡು ನಮ್ಮೂರುಗಳಲ್ಲಿ ಇನ್ನೂ ಓಡುತ್ತಿದೆ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ನು. ಬಾನೆಟ್ ಎತ್ತಿದರೆ ಹೋಸು, ಬೆಲ್ಟು, ರೇಡಿಯೇಟರು ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಇಲ್ಲಿ ಹೇಳುವುದರಲ್ಲಿ ಬಹುಪಾಲು ಹಳೆಯ ಆಲ್ಟೊ, ಓಮ್ನಿ, ಝೆನ್, ಸ್ಯಾಂಟ್ರೊ, ಇಂಡಿಕಾಗಳಿಗೂ ಅನ್ವಯಿಸುತ್ತದೆ.

ನೀರು ಮಾಡುವ ಕೆಲಸ

ಪೆಟ್ರೋಲು ಸುಟ್ಟು ಹುಟ್ಟುವ ಶಾಖದಲ್ಲಿ ಗಾಡಿ ಎಳೆಯಲು ಬಳಕೆಯಾಗುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಹಳೆಯ ಇಂಜಿನ್ನಿನಲ್ಲಿ ಅದಕ್ಕೂ ಕಮ್ಮಿ. ಇನ್ನೊಂದು ಪಾಲು ಸೈಲೆನ್ಸರ್ ದಾರಿ ಹಿಡಿಯುತ್ತದೆ. ಉಳಿದದ್ದನ್ನು ಇಂಜಿನ್ನಿನಿಂದ ಹೊತ್ತು ತಂದು ಗಾಳಿಗೆ ಬಿಡಬೇಕಾದ್ದು ಕೂಲಂಟ್. ಅದಕ್ಕೆ ನಾಲ್ಕು ಸಹಾಯಕರು. ಬೆಲ್ಟಿನಿಂದ ತಿರುಗಿ ನೀರನ್ನು ಸುತ್ತಿಸುವ ಪಂಪು. ಇಂಜಿನ್ನು ಕಾಯುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆದು, ಸುಮಾರು 82 ಡಿಗ್ರಿಗೆ ಬಾಗಿಲು ತೆರೆಯುವ ಥರ್ಮೋಸ್ಟಾಟ್. ಸಣ್ಣ ಕೊಳವೆಗಳಲ್ಲಿ ನೀರನ್ನು ಹಾಯಿಸಿ ಆರಿಸುವ ರೇಡಿಯೇಟರು. ಗಾಡಿಯ ಓಟದಿಂದ ಗಾಳಿ ಸಿಗದಾಗ ಅದನ್ನು ಎಳೆದು ಕೊಡುವ ಫ್ಯಾನು.

ಐದನೆಯದೊಂದಿದೆ, ಯಾರೂ ಲೆಕ್ಕಕ್ಕೆ ಹಿಡಿಯದ್ದು: ರೇಡಿಯೇಟರಿನ ಕ್ಯಾಪು. ಅದರ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುತ್ತದೆ. ಅಷ್ಟು ಒತ್ತಡದವರೆಗೆ ಅದು ಒಳಗಿನ ನೀರನ್ನು ಬಿಗಿಹಿಡಿಯುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನ ವೆಯ್ಟು ಮಾಡುವ ಕೆಲಸವೇ ಇದು. ಒತ್ತಡ ಹೆಚ್ಚಿದಷ್ಟೂ ನೀರು ಕುದಿಯುವ ಬಿಂದು ಮೇಲೆ ಹೋಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಮೊದಲೇ. ಇಂಜಿನ್ನಿನ ನೀರು ಆರೋಗ್ಯವಾಗಿರುವಾಗಲೇ 90ರ ಆಸುಪಾಸಿನಲ್ಲಿರುತ್ತದೆ. ಕ್ಯಾಪು ಒತ್ತಡ ಹಿಡಿದಾಗ ಕುದಿಬಿಂದು 120ರ ಹತ್ತಿರಕ್ಕೆ ಏರುತ್ತದೆ, ಕೂಲಂಟ್ ಬೆರೆತಿದ್ದರೆ ಅದಕ್ಕೂ ಮೇಲೆ. ಕ್ಯಾಪಿನ ರಬ್ಬರು ಒಣಗಿ ಬಿರುಕುಬಿಟ್ಟರೆ ಈ ಅಂತರವೆಲ್ಲ ಮಾಯ. ಇಂಜಿನ್ನಿಗೆ ಬೇರೇನೂ ಕಾಯಿಲೆಯಿಲ್ಲದೆಯೂ ನೀರು ಕುದ್ದು ಬಾಟಲಿಯಿಂದ ಉಕ್ಕುತ್ತದೆ. ಹಾಗಾಗಿ ಹಳೆಯ ಗಾಡಿಯಲ್ಲಿ ತನಿಖೆ ಶುರುಮಾಡುವುದು ಇಲ್ಲಿಂದ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ವಸ್ತು ಇದೇ. ಕೊಳ್ಳುವಾಗ ಹಳೆಯದರ ಮೇಲಿನ ಸಂಖ್ಯೆಯನ್ನೇ ನೋಡಿ ಕೊಳ್ಳಿ. ಜಾಸ್ತಿ ಒತ್ತಡದ್ದು ಹಾಕಿದರೆ ಹಳೆಯ ಹೋಸುಗಳೂ ರೇಡಿಯೇಟರಿನ ಬೆಸುಗೆಯೂ ತಾಳಲಾರವು.

ಕ್ಯಾಪಿಗೆ ಇನ್ನೊಂದು ಕೆಲಸವಿದೆ. ಗಾಡಿ ಬಿಸಿಯಾದಾಗ ಹಿಗ್ಗಿದ ನೀರನ್ನು ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಬಿಡುವುದು, ತಣ್ಣಗಾದಾಗ ಅಲ್ಲಿಂದ ವಾಪಸ್ ಎಳೆದುಕೊಳ್ಳುವುದು. ಬೆಳಿಗ್ಗೆ ತಣ್ಣಗಿರುವ ಗಾಡಿಯ ಕ್ಯಾಪು ತೆಗೆದು ನೋಡಿ. ಬಾಟಲಿಯಲ್ಲಿ ನೀರು ‘ಫುಲ್’ ಗೆರೆ ದಾಟಿದೆ, ರೇಡಿಯೇಟರಿನಲ್ಲಿ ಮಾತ್ರ ತಳ ಕಾಣುತ್ತಿದೆ ಎಂದಾದರೆ ಕ್ಯಾಪಿನ ಒಳವಾಲ್ವು ಕೆಟ್ಟಿದೆ, ಇಲ್ಲವೇ ಎರಡರ ನಡುವಿನ ಸಣ್ಣ ಪೈಪು ಸೀಳಿದೆ. ಬಾಟಲಿಯನ್ನು ಮಾತ್ರ ನೋಡಿ ‘ನೀರಿದೆ’ ಎಂದು ಸಮಾಧಾನಪಟ್ಟುಕೊಳ್ಳುವವರು ಮೋಸಹೋಗುವುದು ಇಲ್ಲೇ.

ಮುಳ್ಳು ಹೇಳುವುದು ನಿಜವೇ?

ಮೀಟರಿನ ಮುಳ್ಳು ಮೇಲೇರಿದ್ದಕ್ಕೆಲ್ಲ ಇಂಜಿನ್ನು ಬಿಸಿಯಾಗಿದೆ ಎಂದೇ ಅರ್ಥವಲ್ಲ. ಹಳೆಯ ಗಾಡಿಗಳಲ್ಲಿ ಮೀಟರಿಗೆ ಸುದ್ದಿ ತಲುಪುವುದು ಇಂಜಿನ್ನಿಗೆ ತಿರುಪಿದ ಒಂದು ಸಣ್ಣ ಸೆನ್ಸರಿನಿಂದ, ಸಾಮಾನ್ಯವಾಗಿ ಒಂದೇ ವೈರಿನಲ್ಲಿ. ಆ ವೈರಿನ ಹೊದಿಕೆ ಹರಿದು ಬಾಡಿಗೆ ತಾಗಿದರೆ ಸಾಕು, ಕೀ ಹಾಕುತ್ತಿದ್ದಂತೆ ಮುಳ್ಳು ಸೀದಾ ಕೆಂಪಿಗೆ ಹೋಗಿ ಕೂರುತ್ತದೆ. ಸೆನ್ಸರಿನಿಂದ ವೈರು ಬಿಚ್ಚಿದಾಗ ಮುಳ್ಳು ಕೆಳಗಿಳಿದರೆ ವೈರೂ ಮೀಟರೂ ಸರಿಯಿವೆ; ಇಳಿಯದಿದ್ದರೆ ತಪ್ಪು ವೈರಿನಲ್ಲೋ ಮೀಟರಿನಲ್ಲೋ ಇದೆ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿದ ಒಂದೇ ನಿಮಿಷಕ್ಕೆ ಕೆಂಪು ಮುಟ್ಟಿದೆ ಎಂದರೆ ಮೊದಲು ಈ ವೈರನ್ನು ಸಂಶಯಿಸಿ. ಅಷ್ಟು ಬೇಗ ಇಡೀ ಇಂಜಿನ್ನು ಕಾಯುವುದು ಸಾಧ್ಯವಿಲ್ಲ.

ಇದಕ್ಕಿಂತ ಅಪಾಯ ತಿರುವುಮುರುವು ಸುಳ್ಳು. ಸೆನ್ಸರ್ ಬಿಸಿಯನ್ನು ಅಳೆಯುವುದು ನೀರಿನಲ್ಲಿ ಮುಳುಗಿದ್ದಾಗ. ಹೋಸು ಒಡೆದು ನೀರೆಲ್ಲ ಹರಿದುಹೋದರೆ ಸೆನ್ಸರಿನ ಸುತ್ತ ಉಳಿಯುವುದು ಗಾಳಿ, ಆವಿ. ಇಂಜಿನ್ನು ಸುಡುತ್ತಿದ್ದರೂ ಮುಳ್ಳು ಕೆಳಗಿಳಿದುಬಿಡಬಹುದು. ಹೆದ್ದಾರಿಯಲ್ಲಿ ಮುಳ್ಳು ಒಮ್ಮೆ ಏರಿ, ಆಮೇಲೆ ಕಾರಣವಿಲ್ಲದೆ ಪಟ್ಟನೆ ಬಿದ್ದು, ಇಂಜಿನ್ನಿನ ಎಳೆತ ಕಮ್ಮಿಯಾಗಿ, ಸಿಹಿಯಾದ ಒಂದು ವಾಸನೆ ಮೂಗಿಗೆ ಬಡಿದರೆ ‘ಸದ್ಯ, ತಣ್ಣಗಾಯಿತು’ ಎಂದುಕೊಳ್ಳಬೇಡಿ. ಬದಿಗೆ ಹಾಕಿ ಇಂಜಿನ್ನು ಆರಿಸಿ. ಸಿಹಿವಾಸನೆ ಕೂಲಂಟಿನದು.

ಸಿಗ್ನಲ್ಲಿನಲ್ಲಿ ಬಿಸಿ, ಹೆದ್ದಾರಿಯಲ್ಲಿ ತಂಪು

ನಗರದ ಕಾರುಗಳ ದೂರು ಇದು. ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಹತ್ತು ನಿಮಿಷ ನಿಂತರೆ ಮುಳ್ಳು ಏರುತ್ತದೆ. ರಸ್ತೆ ಬಿಡುವಾಗಿ ಅರವತ್ತರ ವೇಗ ಸಿಕ್ಕ ಕೂಡಲೇ ಇಳಿಯುತ್ತದೆ. ವೇಗ ಸಿಕ್ಕಾಗ ಗಾಳಿ ತಾನಾಗಿ ನುಗ್ಗುತ್ತದೆ. ಆಗ ತಂಪಾಗುತ್ತದೆ ಎಂದರೆ ನೀರು ಸುತ್ತುತ್ತಿದೆ, ರೇಡಿಯೇಟರ್ ಒಂದು ಮಟ್ಟಿಗೆ ಕೆಲಸ ಮಾಡುತ್ತಿದೆ. ಕಮ್ಮಿಯಾಗಿರುವುದು ನಿಂತಾಗಿನ ಗಾಳಿ. ಅಂದರೆ ಫ್ಯಾನು.

ಪರೀಕ್ಷೆ ಸುಲಭ. ಗಾಡಿಯನ್ನು ನಿಂತಲ್ಲೇ ಚಾಲೂ ಇಟ್ಟು ಕಾಯಿರಿ. ಮುಳ್ಳು ಮಧ್ಯದ ಗೆರೆಯಿಂದ ತುಸು ಮೇಲೆ ಹೋಗುವಷ್ಟರಲ್ಲಿ ಫ್ಯಾನು ತಿರುಗಬೇಕು, ಒಂದೆರಡು ನಿಮಿಷದಲ್ಲಿ ಮುಳ್ಳನ್ನು ಇಳಿಸಿ ತಾನೂ ನಿಲ್ಲಬೇಕು. ತಿರುಗದಿದ್ದರೆ ಮೊದಲು ಫ್ಯೂಸು, ಆಮೇಲೆ ರಿಲೇ. ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ ನೀರಿನ ಬಿಸಿ ನೋಡಿ ಫ್ಯಾನಿಗೆ ಕರೆಂಟು ಕೊಡುವ ಸ್ವಿಚ್ಚಿರುತ್ತದೆ. ಅದರ ವೈರು ಬಿಚ್ಚಿ ಎರಡು ತುದಿಗಳನ್ನು ಸೇರಿಸಿದಾಗ, ಒಂದೇ ವೈರಿದ್ದರೆ ಬಾಡಿಗೆ ತಾಗಿಸಿದಾಗ, ಫ್ಯಾನು ತಿರುಗಿದರೆ ಸ್ವಿಚ್ಚು ಕೆಟ್ಟಿದೆ. ಆಗಲೂ ತಿರುಗದೆ, ಮೋಟರನ್ನು ಮೆಲ್ಲಗೆ ತಟ್ಟಿದರೆ ಮಾತ್ರ ತಿರುಗುತ್ತದೆ ಎಂದಾದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ. ಎಂಪಿಎಫ್‌ಐ ಗಾಡಿಗಳಲ್ಲಿ ಸ್ವಿಚ್ಚಿನ ಬದಲು ಕಂಪ್ಯೂಟರು ರಿಲೇಗೆ ಆಜ್ಞೆ ಕೊಡುತ್ತದೆ. ಅಲ್ಲಿ ವೈರು ಚುಚ್ಚುವ ಕೆಲಸಕ್ಕೆ ಹೋಗದೆ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಫ್ಯಾನು ತಿರುಗುತ್ತಿದೆ, ಆದರೂ ಬಿಸಿ. ಹಾಗಿದ್ದರೆ ಈ ಪತ್ರಿಕೆಯ ಒಂದು ಹಾಳೆಯನ್ನು ಗ್ರಿಲ್ಲಿನ ಮುಂದೆ ಹಿಡಿಯಿರಿ. ಒಳಮುಖವಾಗಿ ಎಳೆದುಕೊಂಡು ಗ್ರಿಲ್ಲಿಗೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಯಾರೋ ಮೋಟರು ರಿಪೇರಿ ಮಾಡುವಾಗ ವೈರನ್ನು ತಿರುಗಾಮುರುಗಾ ಜೋಡಿಸಿದ್ದಾರೆ. ಗಾಡಿ ಓಡುವಾಗ ಬರುವ ಗಾಳಿಗೆ ಈ ಫ್ಯಾನು ಎದುರಾಗಿ ಊದುತ್ತಿರುತ್ತದೆ. ಹಾಳೆ ಅಲುಗಾಡದೆ ಸುಮ್ಮನೆ ಜೋಲುಬಿದ್ದರೆ ಗಾಳಿಗೆ ದಾರಿಯೇ ಇಲ್ಲ. ಎಸಿ ಇರುವ ಗಾಡಿಯಲ್ಲಿ ರೇಡಿಯೇಟರಿನ ಮುಂದೆ ಕಂಡೆನ್ಸರ್ ಕೂತಿರುತ್ತದೆ. ಅವೆರಡರ ನಡುವಿನ ಸಂದಿಯಲ್ಲಿ ವರ್ಷಗಳ ಧೂಳು, ಎಲೆ, ಹುಳಹುಪ್ಪಟೆ ಸೇರಿ ಚಾಪೆಯಂತೆ ಗಟ್ಟಿಯಾಗಿರುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ರೇಡಿಯೇಟರನ್ನು ಸಡಿಲಿಸಿ, ಇಂಜಿನ್ನಿನ ಕಡೆಯಿಂದ ಹೊರಮುಖವಾಗಿ, ಕಡಿಮೆ ಒತ್ತಡದ ನೀರು ಬಿಡಬೇಕು. ವಾಟರ್ ಸರ್ವಿಸಿನ ಜೋರು ಪೈಪನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ಇದ್ದ ದಾರಿಯೂ ಮುಚ್ಚಿಹೋಗುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಇಟ್ಟುಕೊಂಡವರಿಗೆ ಲೆಕ್ಕ ಸ್ವಲ್ಪ ಬೇರೆ. ಅವುಗಳ ಫ್ಯಾನು ಬೆಲ್ಟಿನಿಂದಲೇ ತಿರುಗುವುದು. ಐಡಲಿನಲ್ಲಿ ಇಂಜಿನ್ನು ನಿಧಾನ, ಹಾಗಾಗಿ ಫ್ಯಾನೂ ನಿಧಾನ. ಬೆಲ್ಟು ಸಡಿಲವಾಗಿ ಜಾರಿದರೆ ಪಂಪೂ ಫ್ಯಾನೂ ಒಟ್ಟಿಗೆ ಸೋಲುತ್ತವೆ. ಅಲ್ಲಿ ಮೊದಲು ಬೆಲ್ಟಿನ ಬಿಗಿ ನೋಡಬೇಕು.

ಘಾಟಿಯಲ್ಲಿ, ಹೆದ್ದಾರಿಯಲ್ಲಿ ಬಿಸಿ

ಇದು ಮೇಲಿನದರ ತದ್ವಿರುದ್ಧ. ಊರೊಳಗೆ ಏನೂ ತೊಂದರೆಯಿಲ್ಲ. ತುಮಕೂರು ರಸ್ತೆಯಲ್ಲಿ ಎಂಬತ್ತು ದಾಟಿದರೆ, ಇಲ್ಲವೇ ಗುಂಡ್ಯದಿಂದ ಶಿರಾಡಿ ಹತ್ತುವಾಗ ಎರಡನೇ ಗೇರಿನಲ್ಲಿ ಲಾರಿಗಳ ಹಿಂದೆ ತೆವಳಿದರೆ ಮುಳ್ಳು ಏರುತ್ತದೆ. ಇಂಜಿನ್ನು ಹೆಚ್ಚು ದುಡಿದಾಗ ಹೆಚ್ಚು ಶಾಖ ಹುಟ್ಟುತ್ತದೆ, ಅಷ್ಟನ್ನು ಹೊತ್ತು ಹಾಕುವ ಶಕ್ತಿ ನೀರಿಗಿಲ್ಲ. ಒಂದೋ ನೀರು ಸಾಕಷ್ಟು ಸುತ್ತುತ್ತಿಲ್ಲ, ಇಲ್ಲವೇ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ.

ನಮ್ಮ ಬಯಲುಸೀಮೆಯಲ್ಲಿ ಎರಡನೆಯದೇ ಹೆಚ್ಚು. ಕಾರಣ ಬೋರ್‌ವೆಲ್ ನೀರು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರವಲಯದ ಗಡಸು ನೀರು ಸ್ನಾನದ ಮನೆಯ ಗೀಸರಿಗೆ ಮಾಡುವುದನ್ನೇ ರೇಡಿಯೇಟರಿಗೂ ಮಾಡುತ್ತದೆ. ಬಿಸಿಯಾದಾಗ ಅದರ ಸುಣ್ಣ ಕೊಳವೆಯ ಗೋಡೆಗೆ ಬಿಳಿ ಪೊರೆಯಾಗಿ ಕಟ್ಟುತ್ತದೆ, ಆ ಪೊರೆ ಶಾಖವನ್ನು ದಾಟಲು ಬಿಡುವುದಿಲ್ಲ. ಬರೀ ನೀರು ಹಾಕಿದ ಗಾಡಿಯಲ್ಲಿ ಇದರ ಜೊತೆಗೆ ತುಕ್ಕು. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ, ಅವುಗಳಿಗೂ ಆಯುಷ್ಯವಿದೆ. ಹಸಿರು ಬಣ್ಣ ಹಾಗೇ ಇದೆ ಎಂದ ಮಾತ್ರಕ್ಕೆ ಕೂಲಂಟ್ ಚೆನ್ನಾಗಿದೆ ಎಂದಲ್ಲ. ಸಾಧಾರಣ ಹಸಿರು ಕೂಲಂಟನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಬೆರೆಸಲು ಡಿಸ್ಟಿಲ್ಡ್ ವಾಟರನ್ನೇ ಬಳಸಬೇಕು.

ಕಟ್ಟಿಕೊಂಡ ರೇಡಿಯೇಟರನ್ನು ಕಂಡುಹಿಡಿಯುವುದು ಹೇಗೆ? ಗಾಡಿ ಚೆನ್ನಾಗಿ ಕಾದ ಮೇಲೆ ಇಂಜಿನ್ನು ಆರಿಸಿ, ಫ್ಯಾನಿನ ವೈರು ಬಿಚ್ಚಿ (ಕೀ ತೆಗೆದ ಮೇಲೂ ಕೆಲವು ಗಾಡಿಗಳಲ್ಲಿ ಫ್ಯಾನು ತಟ್ಟನೆ ತಿರುಗುತ್ತದೆ, ಬೆರಳು ಜೋಪಾನ), ರೇಡಿಯೇಟರಿನ ಮೈಯನ್ನು ಉದ್ದಕ್ಕೂ ಪರೀಕ್ಷಿಸಬೇಕು. ಬಂದೂಕಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ವಾಸಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಕ್ರಮವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ತಣ್ಣಗಿದ್ದರೆ ಆ ಸಾಲಿನ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರಾದರೆ ರಿಪೇರಿಯವರು ಟ್ಯಾಂಕಿನ ಬೆಸುಗೆ ಬಿಡಿಸಿ, ಕೊಳವೆಗಳಿಗೆ ತೆಳು ಪಟ್ಟಿ ಹಾಯಿಸಿ, ತೊಳೆದು ಮತ್ತೆ ಬೆಸೆಯುತ್ತಾರೆ. ಅಲ್ಯೂಮಿನಿಯಂ ಮೈ, ಪ್ಲಾಸ್ಟಿಕ್ ಟ್ಯಾಂಕಿನದಾದರೆ ಹೆಚ್ಚಾಗಿ ಹೊಸದೇ ಗತಿ.

ರೇಡಿಯೇಟರ್ ಸರಿಯಿದ್ದರೆ ಕೆಳಗಿನ ಹೋಸನ್ನು ನೋಡಿ. ಪಂಪು ನೀರನ್ನು ಎಳೆದುಕೊಳ್ಳುವುದು ಅದರ ಮೂಲಕ. ಹೋಸು ಹಳತಾಗಿ ಮೆತ್ತಗಾಗಿದ್ದರೆ ಇಂಜಿನ್ನಿನ ವೇಗ ಹೆಚ್ಚಿಸಿದಾಗ ಒಳಕ್ಕೆ ಚಪ್ಪಟೆಯಾಗುತ್ತದೆ. ಐಡಲಿನಲ್ಲಿ ಮತ್ತೆ ದುಂಡಗಾಗುವುದರಿಂದ ಗ್ಯಾರೇಜಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಬ್ಬರು ಆಕ್ಸಲರೇಟರ್ ಒತ್ತಿ, ಇನ್ನೊಬ್ಬರು ನೋಡಬೇಕು. ಪಂಪು ಸಾಯುವಾಗ ಸಾಮಾನ್ಯವಾಗಿ ಸುಳಿವು ಕೊಟ್ಟೇ ಸಾಯುತ್ತದೆ: ಅದರ ಮೈಯ ಸಣ್ಣ ತೂತಿನಿಂದ ನೀರು ಜಿನುಗುತ್ತದೆ, ಬೇರಿಂಗು ಗರಗರ ಅನ್ನುತ್ತದೆ, ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಆಟ ಸಿಗುತ್ತದೆ. ಈ ಮೂರೂ ಇಲ್ಲದಿದ್ದರೆ ಪಂಪಿಗೆ ದುಡ್ಡು ಸುರಿಯುವ ಮುನ್ನ ಉಳಿದದ್ದನ್ನೆಲ್ಲ ನೋಡಿ.

ನೀರಿಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಯಲ್ಲಿ ಟೈಮಿಂಗ್ ಹಿಂದೆ ಬಿದ್ದರೆ, ಕಾರ್ಬ್ಯುರೇಟರ್ ಪೆಟ್ರೋಲು ಕಮ್ಮಿ ಕೊಟ್ಟರೆ, ಬ್ರೇಕು ಹಿಡಿದುಕೊಂಡೇ ಇದ್ದರೆ, ಕ್ಲಚ್ಚು ಜಾರುತ್ತಿದ್ದರೆ ಇಂಜಿನ್ನು ವೃಥಾ ದುಡಿದು ಕಾಯುತ್ತದೆ. ‘ಪಿಕಪ್ಪೂ ಇಲ್ಲ, ಮೈಲೇಜೂ ಇಲ್ಲ, ಬಿಸಿಯೂ ಹೌದು’ ಎಂಬ ಮೂರು ದೂರು ಒಟ್ಟಿಗೆ ಬಂದಾಗ ರೇಡಿಯೇಟರನ್ನು ಬಿಟ್ಟು ಈ ಕಡೆ ನೋಡುವುದು ಜಾಣತನ.

ಹೊರಟ ಹತ್ತೇ ನಿಮಿಷಕ್ಕೆ ಬಿಸಿ

ಮನೆಯಿಂದ ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ, ನಿಂತರೂ ಓಡಿದರೂ, ಮುಳ್ಳು ಕೆಂಪಿಗೆ ಬಂದರೆ ಥರ್ಮೋಸ್ಟಾಟ್ ಮುಚ್ಚಿದಂತೆಯೇ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಇಂಜಿನ್ನು ಸುಡುತ್ತಿದ್ದರೂ ರೇಡಿಯೇಟರಿಗೆ ಹೋಗುವ ಮೇಲಿನ ಹೋಸು ತಣ್ಣಗೆ, ಮೆತ್ತಗೆ ಇರುತ್ತದೆ. ತೆಗೆದು ಪರೀಕ್ಷಿಸಲು ಒಂದು ಹಳೆಯ ಪಾತ್ರೆ, ದಾರ, ಅಡುಗೆಯ ಥರ್ಮಾಮೀಟರ್ ಸಾಕು. ಥರ್ಮೋಸ್ಟಾಟಿನ ಬಾಯಿಗೆ ದಾರ ಸಿಕ್ಕಿಸಿ, ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಟ್ಟು, ಒಲೆ ಹಚ್ಚಿ. ಅದರ ಮೇಲೆ ಅಚ್ಚಾದ ಡಿಗ್ರಿಯ ಹತ್ತಿರ ಒಳಗಿನ ಮೇಣ ಕರಗಿ ಹಿಗ್ಗಿ ಬಾಯಿ ತೆರೆಯಬೇಕು, ಆಗ ದಾರ ತಾನಾಗಿ ಜಾರಿ ಬೀಳುತ್ತದೆ. ನೀರು ಕುದಿಯಲು ತೊಡಗಿದರೂ ದಾರ ಬೀಳದಿದ್ದರೆ ಹೊಸದು ತನ್ನಿ.

ಹೊಸ ಥರ್ಮೋಸ್ಟಾಟ್ ಹಾಕಿದ, ಕೂಲಂಟ್ ಬದಲಿಸಿದ ಮಾರನೆಯ ದಿನವೇ ಬಿಸಿಯಾದರೆ ಅದು ಏರ್‌ಲಾಕ್. ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ ನೀರಿನ ದಾರಿ ಕಟ್ಟುತ್ತದೆ. ಗಾಡಿಯ ಮೂತಿ ಸ್ವಲ್ಪ ಎತ್ತರದಲ್ಲಿರುವಂತೆ ನಿಲ್ಲಿಸಿ, ತಣ್ಣಗಿರುವಾಗಲೇ ಕ್ಯಾಪು ತೆಗೆದು, ಹೀಟರ್ ಇದ್ದರೆ ಪೂರ್ತಿ ಬಿಸಿಗಿಟ್ಟು, ಇಂಜಿನ್ನು ಚಾಲೂ ಮಾಡಿ ಗುಳ್ಳೆ ನಿಲ್ಲುವ ತನಕ ಮೆಲ್ಲಗೆ ತುಂಬಿಸಬೇಕು. ಎಲ್‌ಪಿಜಿ ಕಿಟ್ ಹಾಕಿಸಿದ ಗಾಡಿಗಳಲ್ಲಿ ಇದು ಇನ್ನೂ ಸಾಮಾನ್ಯ. ಗ್ಯಾಸನ್ನು ಆವಿಯಾಗಿಸುವ ರೆಡ್ಯೂಸರಿಗೂ ಇದೇ ಬಿಸಿನೀರು ಹೋಗುತ್ತದೆ. ಅದಕ್ಕಾಗಿ ಹೋಸು ಕತ್ತರಿಸಿ ಜೋಡಿಸಿದ ಪ್ರತಿ ಕ್ಲಿಪ್ಪೂ ಸೋರಬಹುದಾದ ಒಂದು ಜಾಗ. ಗ್ಯಾಸಿನಲ್ಲಿ ಓಡಿಸುವಾಗ ರೆಡ್ಯೂಸರಿನ ಮೈಮೇಲೆ ಹಿಮ ಕಟ್ಟಿದ್ದು ಕಂಡರೆ ಅಲ್ಲಿಗೆ ಬಿಸಿನೀರು ತಲುಪುತ್ತಿಲ್ಲ ಎಂದೇ ತಿಳಿಯಿರಿ, ಮುಳ್ಳು ಎಲ್ಲೇ ಇರಲಿ.

ನೀರು ಮಾಯವಾಗುತ್ತಿದೆ

ಬಿಸಿಯೇನೂ ಇಲ್ಲ, ಆದರೆ ವಾರಕ್ಕೊಮ್ಮೆ ಅರ್ಧ ಲೀಟರ್ ಹಾಕಬೇಕು. ‘ಗಾಡಿ ನೀರು ಕುಡಿಯುತ್ತದೆ’ ಎಂದು ಹೇಳಿ ಸುಮ್ಮನಿರುವವರೇ ಹೆಚ್ಚು. ಮುಚ್ಚಿದ ವ್ಯವಸ್ಥೆ ನೀರು ಕುಡಿಯಬಾರದು. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿ ಬೆಳಿಗ್ಗೆ ಕಲೆ ನೋಡಿ. ಹೋಸಿನ ತುದಿಗಳಲ್ಲಿ, ಪಂಪಿನ ಕೆಳಗೆ, ಇಂಜಿನ್ ಬ್ಲಾಕಿನ ಡಮ್ಮಿ ಪ್ಲಗ್ಗುಗಳ ಸುತ್ತ ಬಿಳಿಯ ಅಥವಾ ಹಸಿರು ಒಣಕಲೆ ಇದೆಯೇ ನೋಡಿ. ಬಿಸಿಯಾದಾಗ ಮಾತ್ರ ಸೋರಿ, ಬಿದ್ದ ಹನಿ ಅಲ್ಲೇ ಆವಿಯಾಗುವ ಜಾಗಗಳಿಗೆ ಈ ಕಲೆಯೊಂದೇ ಸಾಕ್ಷಿ. ಡ್ಯಾಶ್‌ಬೋರ್ಡಿನ ಕೆಳಗಿನ ಮ್ಯಾಟ್ ಒದ್ದೆಯಾಗಿ ಒಳಗಾಜು ಮಸುಕಾದರೆ ಹೀಟರಿನ ಕೋರ್ ಸೋರುತ್ತಿದೆ.

ಹೊರಗೆಲ್ಲೂ ಸೋರಿಕೆ ಕಾಣದಿದ್ದಾಗ ಮಾತ್ರ ಹೆಡ್ ಗ್ಯಾಸ್ಕೆಟ್ಟಿನ ಮಾತಿಗೆ ಬರಬೇಕು. ತಣ್ಣಗಿರುವ ಗಾಡಿಯ ಕ್ಯಾಪು ತೆಗೆದು ಸ್ಟಾರ್ಟ್ ಮಾಡಿ. ಮೊದಲಿಗೆ ಒಂದೆರಡು ಗುಳ್ಳೆ ಬಂದು ನಿಂತರೆ ಭಯವಿಲ್ಲ. ಆಕ್ಸಲರೇಟರ್ ಒತ್ತಿದಂತೆಲ್ಲ ಗುಳ್ಳೆ ಎಡೆಬಿಡದೆ ಬಂದರೆ ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ. ಇದನ್ನು ಖಚಿತಪಡಿಸಲು ಒಂದು ನೀಲಿ ದ್ರವದ ಪರೀಕ್ಷೆ ಇದೆ: ರೇಡಿಯೇಟರಿನ ಬಾಯಿಂದ ಬರುವ ಗಾಳಿಯನ್ನು ಅದರ ಮೂಲಕ ಹಾಯಿಸಿದಾಗ, ಅದರಲ್ಲಿ ಇಂಜಿನ್ನಿನ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚಿಸುವ ಮುಂಚೆ ಈ ಪರೀಕ್ಷೆ, ಇಲ್ಲವೇ ಕಂಪ್ರೆಷನ್ ಟೆಸ್ಟು ಮಾಡಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಆಯಿಲ್ ಕ್ಯಾಪಿನ ಒಳಗೆ ತಿಳಿಕಂದು ನೊರೆ ಕಂಡ ಮಾತ್ರಕ್ಕೆ ತೀರ್ಪು ಕೊಡುವುದು ಆತುರ. ಮಳೆಗಾಲದ ಮಲೆನಾಡಿನಲ್ಲಿ ದಿನಾ ಎರಡೇ ಕಿಲೋಮೀಟರ್ ಓಡುವ ಗಾಡಿಯಲ್ಲಿ ತೇವಾಂಶದಿಂದಲೂ ಅಂಥ ನೊರೆ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೂ ಹಾಗೇ ಇದ್ದು, ಅದರ ಮಟ್ಟ ಏರಿದ್ದರೆ ಮಾತು ಬೇರೆ.

ಹೆಡ್ ಗ್ಯಾಸ್ಕೆಟ್ ತಾನಾಗಿ ಕೆಡುವುದು ಅಪರೂಪ. ಹೆಡ್ಡು ಅಲ್ಯೂಮಿನಿಯಮ್ಮಿನದು, ಅಷ್ಟೇ ಬಿಸಿಗೆ ಅದು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅತಿಯಾಗಿ ಕಾದಾಗ ಬೋಲ್ಟುಗಳ ನಡುವೆ ಸಿಕ್ಕಿ ಬಾಗುತ್ತದೆ, ತಣ್ಣಗಾದಾಗ ಮೊದಲಿನಂತೆ ಕೂರುವುದಿಲ್ಲ. ಕೂದಲೆಳೆಗಿಂತ ತೆಳುವಾದ ಆ ಬಾಗು ಸಾಕು, ಗ್ಯಾಸ್ಕೆಟ್ ಸೋಲುತ್ತದೆ. ಆದ್ದರಿಂದ ಹೊಸ ಗ್ಯಾಸ್ಕೆಟ್ ಕೂರಿಸುವ ಮೊದಲು ಲೇತ್ ಶಾಪಿನಲ್ಲಿ ಹೆಡ್ಡಿನ ಮೇಲೆ ನೇರಪಟ್ಟಿಯಿಟ್ಟು ಸಮತಟ್ಟು ನೋಡಿಸಬೇಕು, ಬೇಕಿದ್ದರೆ ಫೇಸಿಂಗ್ ಮಾಡಿಸಬೇಕು. ಅದಕ್ಕಿಂತ ಮುಖ್ಯವಾಗಿ, ಮೊದಲು ಬಿಸಿಯಾದದ್ದು ಏಕೆ ಎಂದು ಹುಡುಕಬೇಕು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ದೋಷ ಮುಚ್ಚುವ ರಿಪೇರಿಗಳು

‘ಥರ್ಮೋಸ್ಟಾಟ್ ತೆಗೆದೇ ಹಾಕಿದೀನಿ ಸಾರ್, ಇನ್ನು ಹೀಟಿನ ಮಾತೇ ಇಲ್ಲ ಬಿಡಿ.’ ಬಹಳಷ್ಟು ಮಂದಿ ಈ ಮಾತು ಕೇಳಿರುತ್ತೀರಿ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ನು ಕಾಯಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ತಣ್ಣಗಿನ ಇಂಜಿನ್ನು ಹೆಚ್ಚು ಪೆಟ್ರೋಲು ಸುಡುತ್ತದೆ, ಬೇಗ ಸವೆಯುತ್ತದೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಅದು ಹಾಗೇ ಉಳಿದು, ಮುಂದಿನ ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಮುಖ ತೋರಿಸುತ್ತದೆ.

ಎರಡನೆಯದು ‘ಫ್ಯಾನ್ ಡೈರೆಕ್ಟ್’. ಕೀ ಹಾಕಿದ ಕೂಡಲೇ ತಿರುಗುವಂತೆ ವೈರು ಎಳೆಯುವುದು. ಒಂದು ದಿನದ ಪ್ರಯಾಣ ಮುಗಿಸಲು ಇದು ಒಳ್ಳೆಯ ಉಪಾಯ. ಕಾಯಂ ಮಾಡಿದರೆ ಮೋಟರು ಬೇಗ ಸವೆಯುತ್ತದೆ; ಫ್ಯೂಸಿಲ್ಲದೆ ಎಳೆದ ವೈರು ಬಾನೆಟ್ಟಿನ ಕೆಳಗೆ ಬೆಂಕಿಗೂ ದಾರಿ. ಮೂರನೆಯದು ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೆಯ ಡ್ರೈವರುಗಳ ವಿದ್ಯೆ. ಸಣ್ಣ ತೂತು ಮುಚ್ಚಿ ಊರು ಸೇರಿಸುತ್ತದೆ, ನಿಜ. ಆದರೆ ಆ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಎಂಬ ವ್ಯತ್ಯಾಸ ಗೊತ್ತಿಲ್ಲ. ಊರು ಸೇರಿದ ಮೇಲೆ ಪೂರ್ತಿ ತೊಳೆಸಿ ಬೆಸುಗೆ ಹಾಕಿಸಲೇಬೇಕು.

ದಾರಿಯಲ್ಲಿ ಮುಳ್ಳು ಏರಿದರೆ

ಮೊದಲು ಎಸಿ ಆರಿಸಿ. ಹೀಟರಿದ್ದರೆ ಪೂರ್ತಿ ಹಾಕಿ, ಕಿಟಕಿ ಇಳಿಸಿ. ಹೀಟರೂ ಒಂದು ಪುಟ್ಟ ರೇಡಿಯೇಟರೇ. ಬೆವರು ಸುರಿದರೂ ಇಂಜಿನ್ನು ಉಳಿಯುತ್ತದೆ. ಆದರೂ ಮುಳ್ಳು ಇಳಿಯದಿದ್ದರೆ, ಅಥವಾ ಹಬೆ ಕಂಡರೆ, ಮುಂದಿನ ಊರಿನವರೆಗೆ ಎಂದು ಎಳೆಯದೆ ಅಲ್ಲೇ ನಿಲ್ಲಿಸಿ ಆರಿಸಿ. ಹೆಡ್ಡು ಬಾಗುವುದು ‘ಇನ್ನೆರಡೇ ಕಿಲೋಮೀಟರ್’ ಎನ್ನುವ ಆ ಎರಡು ಕಿಲೋಮೀಟರಿನಲ್ಲಿ. ಕ್ಯಾಪನ್ನು ಮುಟ್ಟಬೇಡಿ. ಒತ್ತಡ ತಪ್ಪಿದ ಕ್ಷಣವೇ ನೂರಕ್ಕೂ ಮೇಲೆ ಕಾದ ನೀರು ಕುದ್ದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ಹೋಸು ಕೈಯಲ್ಲಿ ಹಿಡಿಯುವಷ್ಟು ಆರಿ ಮೆತ್ತಗಾದ ಮೇಲೆ, ದಪ್ಪ ಬಟ್ಟೆ ಹಾಕಿ ನಿಧಾನ ತಿರುಗಿಸಿ. ಕಾದ ಇಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿಯುವುದೂ ಹೆಡ್ಡು ಸೀಳಿಸುವ ದಾರಿಯೇ. ಘಾಟಿಯ ಪ್ರಯಾಣಕ್ಕೆ ಹೊರಡುವಾಗ ಡಿಕ್ಕಿಯಲ್ಲಿ ಒಂದು ಕ್ಯಾನು ನೀರಿರಲಿ. ಆ ಹೊತ್ತಿನಲ್ಲಿ ಬೋರಿನ ನೀರಾದರೂ ಪರವಾಗಿಲ್ಲ, ಆಮೇಲೆ ತೆಗೆಸಿ ಕೂಲಂಟ್ ಹಾಕಿಸಿದರಾಯಿತು.

ಗ್ಯಾರೇಜಿಗೆ ಹೋಗುವ ಮುನ್ನ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಹೊರಟ ಎಷ್ಟು ನಿಮಿಷಕ್ಕೆ ಬಿಸಿಯಾಯಿತು, ಆಗಿನ ವೇಗವೆಷ್ಟು, ಎಸಿ ಹಾಕಿತ್ತೇ, ಆಮೇಲೆ ಎಷ್ಟು ನೀರು ಹಿಡಿಯಿತು. ಒಳ್ಳೆಯ ಮೆಕ್ಯಾನಿಕ್ ಇಷ್ಟು ಕೇಳಿದ ಮೇಲೆ ಬಾನೆಟ್ಟಿನ ಯಾವ ಮೂಲೆಗೆ ಕೈಹಾಕಬೇಕೆಂದು ತಿಳಿಯುತ್ತಾನೆ. ಏನನ್ನೂ ಪರೀಕ್ಷಿಸದೆ ಬಿಡಿಭಾಗದ ಪಟ್ಟಿ ಬರೆಯತೊಡಗಿದರೆ ಇನ್ನೊಂದು ಗ್ಯಾರೇಜು ನೋಡಬಹುದು.

ರಿಪೇರಿ ಆಯಿತೋ ಇಲ್ಲವೋ ಎಂದು ತಿಳಿಯುವುದಕ್ಕೂ ಇದೇ ಪ್ರಶ್ನೆ ಬೇಕು. ಸಿಗ್ನಲ್ಲಿನಲ್ಲಿ ಕಾಯುತ್ತಿದ್ದ ಗಾಡಿಯನ್ನು ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ‘ಸರಿಹೋಯ್ತು ಸಾರ್’ ಅಂದರೆ ಅದು ಪರೀಕ್ಷೆಯಲ್ಲ. ಅದನ್ನು ಮಧ್ಯಾಹ್ನದ ಬಿಸಿಲಿನಲ್ಲಿ, ಎಸಿ ಹಾಕಿ, ನಿಂತಲ್ಲೇ ಇಪ್ಪತ್ತು ನಿಮಿಷ ಚಾಲೂ ಇಡಿ. ಫ್ಯಾನು ಎರಡು-ಮೂರು ಸಲ ತಾನಾಗಿ ತಿರುಗಿ ನಿಲ್ಲುವುದನ್ನು ಕಾಣಲು ಎಸಿ ಆರಿಸಿಯೂ ಅಷ್ಟೇ ಹೊತ್ತು ನೋಡಿ. ಏರಿನಲ್ಲಿ ಕಾಯುತ್ತಿದ್ದ ಗಾಡಿಯನ್ನು ನಾಲ್ಕು ಜನ ಕೂತು ಏರಿಗೇ ಹತ್ತಿಸಿ. ಯಾವ ಸಂದರ್ಭದಲ್ಲಿ ಸೋತಿತ್ತೋ ಅದೇ ಸಂದರ್ಭದಲ್ಲಿ ಗೆದ್ದ ಮೇಲೆ, ಮಾರನೆಯ ಬೆಳಿಗ್ಗೆ ಕ್ಯಾಪು ತೆಗೆದಾಗ ನೀರು ಅಂಚಿನವರೆಗೆ ಇದ್ದರೆ, ಆಗ ಬಿಲ್ಲು ಚುಕ್ತಾ ಮಾಡಿ.